ಮೂರು ವರ್ಷ ಬಳಸಿದ ಲೈಟ್ ಬಾಕ್ಸ್: ಬಿಡಿ ವಿಮಾನಕ್ಕೆ ಸೈ, ಡಯೋರಾಮಕ್ಕೆ ಸಾಲದು

ಮಾದರಿ ವಿಮಾನಗಳ ಫೋಟೋ ತೆಗೆಯಲು ಕೊಂಡ ಈ ಮಡಚುವ ಲೈಟ್ ಬಾಕ್ಸ್ ನನ್ನ ಕೆಲಸದ ಮೇಜಿಗೆ ಬಂದು ಮೂರು ವರ್ಷ ದಾಟಿತು. ಪ್ರತಿ ಬದಿ 60 ಸೆಂ.ಮೀ., ಒಳಗೋಡೆಗೆ ಬೆಳ್ಳಿ ಹೊದಿಕೆ, ಮೇಲ್ಗಡೆ ಎರಡು ಸಾಲು ಎಲ್‌ಇಡಿ, ಬೆಳಕು ಏರಿಸಿ ಇಳಿಸಲು ಒಂದು ತಿರುಗುಗುಂಡಿ. ಕೊಂಡಿದ್ದು 1/48 ಅಳತೆಯ (ನಿಜದ 48ನೇ ಒಂದು ಭಾಗ) ಸ್ಪಿಟ್‌ಫೈರ್ ಯುದ್ಧವಿಮಾನದ ಡಯೋರಾಮ, ಅಂದರೆ ಸುತ್ತಲಿನ ನೆಲ, ಜನರ ಸಮೇತ ಕಟ್ಟಿದ ಪುಟ್ಟ ದೃಶ್ಯ, ಅದರ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಹಂಚಿಕೊಳ್ಳಲೆಂದೇ. 1944ರ ಜೂನ್, ಫ್ರಾನ್ಸಿನ ನಾರ್ಮಂಡಿಯ ತಾತ್ಕಾಲಿಕ ರನ್‌ವೇ, ಧೂಳು ಮೆತ್ತಿದ ಮಾರ್ಕ್ 9 ಸ್ಪಿಟ್‌ಫೈರ್, ರೆಕ್ಕೆಯಡಿ ಮೊಣಕಾಲೂರಿದ ಮೆಕ್ಯಾನಿಕ್. ಏಳು ತಿಂಗಳ ಕೆಲಸ ಅದು.

ಮೊದಲ ಫೋಟೋ ನೋಡಿದವರೊಬ್ಬರು, "ಕೆಲಸ ಅಚ್ಚುಕಟ್ಟಾಗಿದೆ, ಆದರೆ ವಿಮಾನ ನೆಲಕ್ಕೆ ತಾಗಿದ ಹಾಗೇ ಕಾಣುತ್ತಿಲ್ಲವಲ್ಲ" ಅಂದರು. ಮತ್ತೆ ನೋಡಿದೆ. ನಿಜ, ನೆರಳೇ ಇರಲಿಲ್ಲ. ಬಾಕ್ಸ್ ಮಾಡಬೇಕಾದ ಕೆಲಸವೇ ಅದು: ಬೆಳಕನ್ನು ಎಲ್ಲ ಗೋಡೆಗಳಿಂದ ಚದುರಿಸಿ ನೆರಳನ್ನು ಅಳಿಸುವುದು. ಬಿಳಿ ಹಾಳೆಯ ಮೇಲೆ ಬಿಡಿ ವಿಮಾನ ಇಟ್ಟರೆ ಅದು ವರ. ಆದರೆ ಡಯೋರಾಮದಲ್ಲಿ ಬಿಸಿಲಿದೆ, ಹೊತ್ತು ಇದೆ. ರೆಕ್ಕೆಯ ನೆರಳು ಹುಲ್ಲಿನ ಮೇಲೆ ಬೀಳದಿದ್ದರೆ ಮಣ್ಣು, ಹುಲ್ಲು, ಟೈರಿನ ಗುರುತು ಎಲ್ಲವೂ ಆಟಿಕೆಯ ತಟ್ಟೆಯಾಗಿಬಿಡುತ್ತವೆ.

ಹಾಗಂತ ಬಾಕ್ಸನ್ನು ಮೂಲೆಗೆ ಹಾಕಲಿಲ್ಲ. ಅದರ ನಿಜವಾದ ಬೆಲೆ ಗೊತ್ತಾಗಿದ್ದು ತಪ್ಪು ಹುಡುಕುವಾಗ. ರೆಕ್ಕೆಯ ಮುಂಚೂಣಿಯ ಅಂಚಿನಲ್ಲಿ ಉಜ್ಜದೆ ಉಳಿದ ಜೋಡಣೆಯ ಗೆರೆ, ಡಿಕಾಲ್ (ಅಂಟಿಸುವ ಗುರುತಿನ ಚಿತ್ರ) ಅಡಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿಂಚುವ ಜಾಗ, ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳದ (ಕ್ಯಾನೊಪಿ) ಮೇಲಿನ ಬೆರಳಚ್ಚು. ಮೇಜಿನ ದೀಪದಲ್ಲಿ ಕಾಣದ್ದೆಲ್ಲ ಇದರೊಳಗೆ ಎದ್ದು ಕಾಣುತ್ತದೆ. ಈಗ ಕೊನೆಯ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಹೊಡೆಯುವ ಮುನ್ನ ಪ್ರತಿ ಮಾದರಿಯೂ ಒಮ್ಮೆ ಬಾಕ್ಸಿನೊಳಗೆ ಹೋಗಿಬರಲೇಬೇಕು. ನಾರ್ಮಂಡಿ ದಾಳಿಯಲ್ಲಿ ಮಿತ್ರಪಡೆಗಳ ವಿಮಾನ ಎಂದು ಗುರುತಿಸಲು ಬಳಿಯುತ್ತಿದ್ದ ಕಪ್ಪು ಬಿಳುಪು ಆಕ್ರಮಣ ಪಟ್ಟೆಗಳಲ್ಲಿ, ನನ್ನ ಸ್ಪಿಟ್‌ಫೈರಿನ ಒಂದು ಕಿರಿದಾಗಿದ್ದುದೂ ಇಲ್ಲೇ ಸಿಕ್ಕಿತು. ಒಂಟಿ ಎಂಜಿನ್ ವಿಮಾನಕ್ಕೆ ಪ್ರತಿ ಪಟ್ಟೆ 18 ಇಂಚು, ನನ್ನ ಅಳತೆಯಲ್ಲಿ ಸುಮಾರು 9.5 ಮಿ.ಮೀ. ಅಗಲ ಸರಿಪಡಿಸಿದೆ, ಅಂಚಿನ ಅಂಕುಡೊಂಕನ್ನು ಬೇಕೆಂದೇ ಉಳಿಸಿದೆ. ಆ ದಾಳಿಯ ಹಿಂದಿನ ದಿನಗಳಲ್ಲಿ ಅನೇಕ ಕಡೆ ಅವನ್ನು ಬ್ರಷ್ ಹಿಡಿದು ಅವಸರದಲ್ಲಿ ಬಳಿದಿದ್ದರು.

ಸವೆತದ ವಿಷಯ. ಒಂದು ವರ್ಷಕ್ಕೆ ವೆಲ್ಕ್ರೋ ಹಿಡಿತ ಬಿಟ್ಟಿತು, ಕ್ಲಿಪ್ ಹಾಕಿಕೊಂಡೆ. ಬಟ್ಟೆಯ ಹಿನ್ನೆಲೆಗೆ ಬಿದ್ದ ಮಡಿಕೆ ಹೋಗುವುದೇ ಇಲ್ಲ. ಪಿವಿಸಿ ಪ್ಲಾಸ್ಟಿಕ್ಕಿನ ಹಿನ್ನೆಲೆ ಹಾಳೆ ಇಂದಿಗೂ ಚೆನ್ನಾಗಿದೆ. ನಿಜವಾಗಿ ಬೇಸರ ತಂದದ್ದು ಎಲ್‌ಇಡಿ. ಎರಡನೇ ವರ್ಷದ ಕೊನೆಗೆ ಒಂದು ಸಾಲು ತುಸು ಹಸಿರಿಗೆ ತಿರುಗಿತು. ಎರಡೂ ಸಾಲು ಒಂದೇ ಬಣ್ಣಕ್ಕೆ ತಿರುಗಿದ್ದರೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್‌ನಲ್ಲಿ (ಬಣ್ಣ ಸರಿದೂಗಿಸುವ ಹೊಂದಿಕೆ) ಸರಿಮಾಡಬಹುದಿತ್ತು. ಬೇರೆ ಬೇರೆಯಾದರೆ ಆಗದು: ಒಂದು ರೆಕ್ಕೆಯ ಬೂದು ಸರಿಹೋದರೆ ಇನ್ನೊಂದರದು ಕೆಡುತ್ತದೆ. ಬೆಳಕು ತಗ್ಗಿಸಿದರೆ ಫೋನಿನ ಚಿತ್ರದಲ್ಲಿ ಅಡ್ಡಪಟ್ಟೆ ಬರುವುದು ಮೊದಲ ದಿನದಿಂದಲೂ ಇದೆ. ಗುಂಡಿ ದೀಪವನ್ನು ಮಂದ ಮಾಡುವುದಿಲ್ಲ, ವೇಗವಾಗಿ ಆರಿಸಿ ಹೊತ್ತಿಸುತ್ತದೆ, ಅದಕ್ಕೇ ಈ ಪಟ್ಟೆ. ಹಾಗಾಗಿ ಬೆಳಕನ್ನು ಪೂರ್ತಿ ಏರಿಸಿಯೇ ಇಟ್ಟು ಎಕ್ಸ್‌ಪೋಶರನ್ನು ಕ್ಯಾಮೆರಾದಲ್ಲಿ ಸರಿಮಾಡುತ್ತೇನೆ.

ಡಯೋರಾಮಕ್ಕೆ ಈಗ ಬಾಕ್ಸಿನ ದೀಪ ಆರಿಸಿ, ಒಂದು ಪಕ್ಕದ ಗೋಡೆ ಬಿಚ್ಚಿ, ಕೋಣೆ ಕತ್ತಲೆ ಮಾಡಿ ಹೊರಗಿನಿಂದ ಒಂದೇ ಒಂದು ಸಣ್ಣ ಎಲ್‌ಇಡಿ ಟಾರ್ಚ್ ಹಿಡಿಯುತ್ತೇನೆ. ಲೆಕ್ಕ ಸುಲಭ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಒಂದು ಮೀಟರ್ ದೂರದಲ್ಲಿ ಸುಮಾರು 9 ಮಿ.ಮೀ. ಅಗಲದ ದೀಪವೂ ಅಷ್ಟೇ ಕಾಣುತ್ತದೆ. ಅದರ ನೆರಳಿನ ಅಂಚು ಬಿಸಿಲಿನ ನೆರಳಿನಷ್ಟೇ ಹರಿತ. ದೀಪವನ್ನು ಇನ್ನೂ ಹಿಂದೆ ಇಟ್ಟರೆ ನೆರಳುಗಳು ಹರಡದೆ ಒಂದೇ ದಿಕ್ಕಿಗೆ ಬೀಳುತ್ತವೆ. ಉಳಿದ ಬೆಳ್ಳಿ ಗೋಡೆ ಎದುರಿನಿಂದ ಕೊಂಚ ಬೆಳಕು ಹಿಂತಿರುಗಿಸಿ ರೆಕ್ಕೆಯಡಿಯ ಕತ್ತಲನ್ನು ತಿಳಿಮಾಡುತ್ತದೆ. ಇದಕ್ಕಾದರೂ ಅದು ಬೇಕು.

ಕ್ಯಾಮೆರಾದ ಎತ್ತರವೂ ಅಷ್ಟೇ ಮುಖ್ಯ. 1.7 ಮೀಟರ್ ಎತ್ತರದ ಮನುಷ್ಯ 1/48ರಲ್ಲಿ 35 ಮಿ.ಮೀ. ಮಾತ್ರ. ನೋಟ ಅದಕ್ಕಿಂತ ಮೇಲಿದ್ದರೆ ಮಾಳಿಗೆಯಿಂದ ಇಣುಕಿದಂತಿರುತ್ತದೆ. ಮೇಲಿನಿಂದ ಫೋಟೋ ತೆಗೆಯಲು ಬಾಕ್ಸಿಗಿರುವ ರಂಧ್ರ ಇದಕ್ಕೆ ಉಪಯೋಗವಿಲ್ಲ. ಫೋನನ್ನು ತಲೆಕೆಳಗೆ ಮಾಡಿ ನೆಲಕ್ಕೆ ತಾಗಿಸಿದರೆ ಲೆನ್ಸ್ ಅಷ್ಟು ಕೆಳಗೆ ಇಳಿಯುತ್ತದೆ, ಸಣ್ಣ ಸೆನ್ಸರಿನಿಂದಾಗಿ ಮೂತಿಯಿಂದ ಬಾಲದವರೆಗೆ ಹೆಚ್ಚಿನ ಭಾಗ ಸ್ಪಷ್ಟವೂ ಇರುತ್ತದೆ. ಹಿಂದಿನ ಆಕಾಶದ ಚಿತ್ರದಲ್ಲಿ ದಿಗಂತ ಲೆನ್ಸಿನ ಎತ್ತರಕ್ಕೇ ಬರಬೇಕು. ಎರಡು ಸೆಂ.ಮೀ. ತಪ್ಪಿದರೂ ಕಣ್ಣು ಒಪ್ಪುವುದಿಲ್ಲ.

ಬಿಡಿ ಮಾದರಿಗಳಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಡಯೋರಾಮಕ್ಕೆ ಎರಡು. ಕೊಳ್ಳುವವರು ಅಳತೆ ನೋಡಿಕೊಳ್ಳಿ: ರೆಕ್ಕೆತುದಿಗೂ ಬೆಳ್ಳಿ ಗೋಡೆಗೂ ನಡುವೆ ಗೇಣಗಲ ಜಾಗ ಇರದಿದ್ದರೆ ಹೊಳಪು ಬಣ್ಣದ ಮೇಲೆ ಗೋಡೆಯ ಸುಕ್ಕುಗಳೆಲ್ಲ ಪ್ರತಿಫಲಿಸುತ್ತವೆ. 23 ಸೆಂ.ಮೀ. ರೆಕ್ಕೆಯ ಸ್ಪಿಟ್‌ಫೈರಿಗೆ 60ರ ಬಾಕ್ಸ್ ಸರಿಹೋಯಿತು. 1/48ರಲ್ಲೇ ಎರಡು ಎಂಜಿನ್ ವಿಮಾನ ಕಟ್ಟುವವರು 80ಕ್ಕಿಂತ ಕಡಿಮೆಯದನ್ನು ಕೊಳ್ಳಬೇಡಿ.