ಪಿತ್ತಕೋಶದ ಆಪರೇಷನ್ ರಿವ್ಯೂ, ಅಟೆಂಡರ್ ಕಡೆಯಿಂದ

ಗಾಲ್ ಬ್ಲಾಡರ್ ಕಲ್ಲಿಗೆ ಶಿವಮೊಗ್ಗದ ಒಂದು ಪ್ರೈವೇಟ್ ಆಸ್ಪತ್ರೇಲಿ ಲ್ಯಾಪ್ರೋಸ್ಕೋಪಿ, ಅಂದ್ರೆ ಸಣ್ಣ ತೂತು ಹಾಕಿ ಮಾಡೋ ಆಪರೇಷನ್, ಮಾಡಿಸ್ಕೊಂಡು ಬಂದಿದೀನಿ, ಹೆಸರು ಹಾಕಲ್ಲ, ಬೈಯೋದೂ ಇದೆ ಹೊಗಳೋದೂ ಇದೆ. ಡಾಕ್ಟ್ರು ಹೆಂಗೆ, ಓಟಿ ಹೆಂಗೆ, ರೂಮು ಕ್ಲೀನಾ ಅಂತ ಎಲ್ಲರೂ ಬರೀತಾರೆ, ಆದ್ರೆ ಪೇಷೆಂಟ್ ಜೊತೆ ಬಂದೋರನ್ನ, ಅಂದ್ರೆ ಅಟೆಂಡರ್‌ಗಳನ್ನ, ಆಸ್ಪತ್ರೆ ಹೆಂಗೆ ನಡೆಸ್ಕೊಳ್ಳುತ್ತೆ ಅಂತ ಬರಿಯೋರು ಕಮ್ಮಿ. ಅರಿವಳಿಕೆ ಕೊಟ್ಟಿದ್ದ ಹೊತ್ತು ಬಿಟ್ರೆ ನನ್ನ ಮಿಕ್ಕಿದ್ದೆಲ್ಲ ನಡೆದಿದ್ದು ಮನೆಯವರ ಕೈಲಿ, ಅದಕ್ಕೆ ಆ ಕಡೆಯಿಂದ್ಲೇ ಬರೀತೀನಿ.

ಸರ್ಜನ್‌ಗೆ ಪೂರ್ತಿ ಮಾರ್ಕ್ಸು. ನಮ್ಮತ್ತೆ ಒಳಗೆ ಬಂದೋರೇ ಕೇಳಿದ್ದು "ಪಿತ್ತಕೋಶಾನೇ ತೆಗೆದ್ರೆ ಪಿತ್ತ ಎಲ್ಲಿಗ್ರೀ ಹೋಗುತ್ತೆ, ತಲೆಗೇರಲ್ವಾ?" ನಂಗೆ ನಾಚಿಕೆ ಆಯ್ತು, ಆದ್ರೆ ಆ ಮನುಷ್ಯ ನಗಲಿಲ್ಲ, ಒಂದು ಹಾಳೆ ತಗೊಂಡು ಚಿತ್ರ ಬರೆದು ತೋರಿಸಿದ್ರು, ಪಿತ್ತ ತಯಾರಾಗೋದು ಲಿವರ್‌ನಲ್ಲಿ ಅಮ್ಮ, ಈ ಚೀಲ ಬರೀ ಶೇಖರಿಸಿಟ್ಕೊಳ್ಳೋದು, ಚೀಲ ಇಲ್ಲದಿದ್ರೆ ಅದು ನೇರ ಕರುಳಿಗೆ ಇಳಿಯುತ್ತೆ, ಕಲ್ಲು ಮಾತ್ರ ತೆಗೆದು ಚೀಲ ಬಿಟ್ರೆ ಅದು ಮತ್ತೆ ಕಲ್ಲು ಕಟ್ಟುತ್ತೆ ಅಂತ. ಅತ್ತೆ ಆ ಹಾಳೆ ಮಡಿಸಿ ಪರ್ಸಲ್ಲಿಟ್ಕೊಂಡ್ರು, ಆಮೇಲೆ ನೋಡೋಕೆ ಬಂದ ಪ್ರತಿಯೊಬ್ಬರಿಗೂ ಅದನ್ನ ಬಿಚ್ಚಿ ಪಾಠ ಮಾಡಿದ್ದು ಅವ್ರೇ. ನಮ್ಮ ದೊಡ್ಡಮ್ಮಂಗೆ ಇದೇ ಆಪರೇಷನ್ ಹಿಂದೆ ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದು ಮಾಡಿದ್ರಂತೆ, ಮನೇಲಿ ಎಲ್ಲರ ಹೆದರಿಕೆಗೂ ಆ ಗಾಯದ ಗುರುತೇ ಕಾರಣ. ನಮ್ಮ ದೇಶದಲ್ಲಿ ತೂತು ಹಾಕಿ ಪಿತ್ತಕೋಶ ತೆಗೆಯೋದು ಶುರುವಾಗಿದ್ದೇ 1990ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೇಲಿ ಡಾ. ಉದ್ವಾಡಿಯಾ ಅನ್ನೋರು ಮಾಡಿದ್ದು, ಈಗ ಜಿಲ್ಲಾ ಊರಲ್ಲೂ ದಿನಾ ನಡಿಯುತ್ತೆ. ನಂಗೆ ಬಿದ್ದಿದ್ದು 4 ಸಣ್ಣ ತೂತು ಅಷ್ಟೇ.

ಓಟಿಗೆ ಹೋಗೋ ಮುಂಚೆ ಒಡವೆ ಎಲ್ಲ ಬಿಚ್ಚಬೇಕು, ಕಾಟರಿ ಅಂತ ಕರೆಂಟಿನ ಮಷೀನ್ ಬಳಸ್ತಾರಲ್ಲ ಮೈಮೇಲೆ ಲೋಹ ಇರಬಾರದು, ನೇಲ್ ಪಾಲಿಶೂ ಇರಬಾರದು ಯಾಕಂದ್ರೆ ಬೆರಳಿಗೆ ಹಾಕೋ ಆಕ್ಸಿಜನ್ ಕ್ಲಿಪ್ ಸರಿಯಾಗಿ ತೋರಿಸಲ್ಲ. ಉಂಗುರ ಸೋಪ್ ಹಚ್ಚಿ ತೆಗೆದಿದ್ದಾಯ್ತು. ತಾಳಿ ಅಂದಾಗ ಅತ್ತೆ ಏನಂತಾರೋ ಅಂತ ನಾನೂ ಇವ್ರೂ ಮುಖ ಮುಖ ನೋಡ್ಕೊಂಡ್ವಿ, ನೋಡಿದ್ರೆ ಅವ್ರು ಹಿಂದಿನ ರಾತ್ರೀನೇ ದಾರಕ್ಕೆ ಅರಿಶಿನದ ಕೊಂಬು ಕಟ್ಕೊಂಡು ತಂದಿದ್ರು, ಸುಮ್ನೆ ಕೊರಳಿಗೆ ಹಾಕಿ ತಾಳಿ ತಮ್ಮ ಕೈಗೆ ತಗೊಂಡ್ರು. ಸಿಸ್ಟರ್ ಕೂಡ ಏನೂ ಗೊಣಗದೆ ಅದನ್ನ ಹಾಗೇ ಬಿಟ್ರು, ಇಂಥದ್ದಕ್ಕೆ ಸ್ಟಾರ್ ಕೊಡಬೇಕು.

ಬೈಗುಳ ಇಲ್ಲಿಂದ ಶುರು. ಸೆಮಿ ಪ್ರೈವೇಟ್ ಲೇಡೀಸ್ ರೂಮು, ರಾತ್ರಿ ಗಂಡಸರು ಇರಂಗಿಲ್ಲ, ರೂಲ್ಸು ಸರೀನೇ, ಪಕ್ಕದ ಬೆಡ್ಡಿನೋರಿಗೂ ಮುಜುಗರ ಆಗುತ್ತೆ, ಆದ್ರೆ ಇದನ್ನ ಬುಕಿಂಗ್ ಮಾಡೋವಾಗ ಹೇಳಬೇಕಲ್ವಾ? ಅಡ್ಮಿಟ್ ಆದ್ಮೇಲೆ ಹೇಳಿದ್ರು. ನಾದಿನಿ ಬ್ಯಾಂಕಿಂದ ನೇರ ಬ್ಯಾಗ್ ಸಮೇತ ಬಂದು ಮಲಗಿದ್ಳು, ಮಲಗಿದ್ಳು ಅನ್ನೋದು ಸುಳ್ಳು, ಅಟೆಂಡರ್‌ಗೆ ಕೊಡೋ ಆ ಬೆಂಚು ಐದನೇ ಕ್ಲಾಸಿನ ಹುಡುಗಂಗೂ ಸಾಲಲ್ಲ. ಇವ್ರು ಕೆಳಗೆ ಲಾಬಿಯ ಸ್ಟೀಲ್ ಕುರ್ಚಿ ಮೇಲೆ. ಮನೆಗೆ ಹೋಗ್ರೀ ಅಂದ್ರೂ ಹೋಗ್ಲಿಲ್ಲ.

ಆ ರಾತ್ರಿ ನಂಗೆ ಬಲಗಡೆ ಭುಜ ಹಿಡ್ಕೊಂಡು ಉಸಿರೆಳೆದ್ರೆ ಚುಚ್ಚೋಕೆ ಶುರುವಾಯ್ತು, ಆಪರೇಷನ್ ಹೊಟ್ಟೇದು ನೋವು ಭುಜದಲ್ಲಿ, ನಾದಿನಿ ಹಾರ್ಟ್ ಅಂದ್ಕೊಂಡು ಓಡಿದ್ಳು, ಫೋನ್ ಹೋಗಿ ಕೆಳಗಿಂದ ಇವ್ರೂ ಮೆಟ್ಟಿಲು ಹತ್ಕೊಂಡು ಬಂದು ಸೆಕ್ಯುರಿಟಿ ಜೊತೆ ಜಗಳ, ಡ್ಯೂಟಿ ಡಾಕ್ಟ್ರು ಬಂದು ಇಸಿಜಿ ಮಾಡಿಸಿ ಏನಿಲ್ಲ ಗ್ಯಾಸು ಅಂದ್ರು. ತಿಂದ ಗ್ಯಾಸ್ ಅಲ್ಲ, ಆಪರೇಷನ್ ಹೊತ್ತಲ್ಲಿ ಹೊಟ್ಟೆ ಉಬ್ಬಿಸೋಕೆ ಕಾರ್ಬನ್ ಡೈಆಕ್ಸೈಡ್ ತುಂಬ್ತಾರೆ, ಒಳಗೆ ಉಳಿದಿದ್ದು ಎದೆ ಹೊಟ್ಟೆ ಮಧ್ಯದ ಪರದೇನ ಕೆಣಕುತ್ತೆ, ಆ ನರದ ನೋವು ಭುಜದಲ್ಲಿ ಕಾಣಿಸ್ಕೊಳ್ಳುತ್ತೆ, ಎದ್ದು ಓಡಾಡ್ತಾ ಇದ್ರೆ ಒಂದೆರಡು ದಿನದಲ್ಲಿ ಹೋಗುತ್ತೆ. ಬಹಳ ಜನಕ್ಕೆ ಆಗುತ್ತಂತೆ. ಹಂಗಿದ್ಮೇಲೆ ಸಾಯಂಕಾಲ ಅಟೆಂಡರ್‌ಗೆ ಒಂದು ಮಾತು ಹೇಳೋಕೆ ಏನಾಗಿತ್ತು? ಇದೊಂದಕ್ಕೇ ಒಂದು ಸ್ಟಾರ್ ಕಟ್.

ಕಲ್ಲುಗಳನ್ನ ಡಬ್ಬಿಗೆ ಹಾಕಿ ಹೊರಗೆ ತಂದು ತೋರಿಸಿದ್ರಂತೆ, ಇವ್ರು ನೋಡಿ ಕೂತುಬಿಟ್ರು, ಅತ್ತೆ ಕನ್ನಡಕ ಹಾಕ್ಕೊಂಡು ನೋಡಿ "ತೊಗರಿಬೇಳೆ ಇದ್ದಂಗಿವೆ" ಅಂದ್ರಂತೆ.

ಕ್ಯಾಂಟೀನಲ್ಲಿ ಕಾಫಿ ಚೆನ್ನಾಗಿತ್ತು. ಪೇಷೆಂಟ್ ಊಟ ಅಂತ ಕಳ್ಸಿದ ಉಪ್ಪಿಟ್ಟಲ್ಲಿ ಮಾತ್ರ ಎಣ್ಣೆ ಒಸರ್ತಿತ್ತು, ಡಯಟ್ ಚೀಟೀಲಿ ಜಿಡ್ಡು ಬೇಡ ಅಂತ ಅವ್ರೇ ಬರ್ದಿದಾರೆ. ಮನೆಯಿಂದ ಗಂಜಿ ತೆಳಿ, ಬೇಳೆ ಕಟ್ಟಿನ ಸಾರು ಬಂತು. ಅದನ್ನ ಮಾಡಿದ್ದು ಅತ್ತೆ ಅಲ್ಲ, ಅವ್ರು ಆಸ್ಪತ್ರೇಲಿದ್ರು, ಮಾಡಿದ್ದು ನನ್ನ ಮಗ, ಪಿಯುಸಿ ಹುಡುಗ, ಫೋನಲ್ಲಿ ಅಜ್ಜಿ ಹೇಳಿದಂಗೆ. ಉಪ್ಪು ಜಾಸ್ತಿ ಆಗಿತ್ತು. ಪೂರ್ತಿ ಕುಡಿದೆ.

ಡಿಸ್ಚಾರ್ಜ್ ದಿನ ಬೆಳಗ್ಗೆ ರೌಂಡ್ಸಲ್ಲಿ ಹೋಗಬಹುದು ಅಂದ್ರು, ಮಧ್ಯಾಹ್ನ ಕಳೆದ್ರೂ ಬಿಲ್ ಇಲ್ಲ, ಕೇಳಿದ್ರೆ ಇನ್ಶೂರೆನ್ಸಿಂದ ಅಪ್ರೂವಲ್ ಬಂದಿಲ್ಲ. ನಾದಿನಿ ಕೌಂಟರ್‌ಗೆ ಹೋಗಿ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐನ 2024ರ ಸರ್ಕ್ಯುಲರ್ ಫೋನಲ್ಲಿ ತೆಗೆದು ತೋರಿಸಿದ್ಳು, ಆಸ್ಪತ್ರೆ ರಿಕ್ವೆಸ್ಟ್ ಕಳ್ಸಿದ 3 ಗಂಟೆ ಒಳಗೆ ಫೈನಲ್ ಅಪ್ರೂವಲ್ ಕೊಡಬೇಕು, ತಡ ಆಗಿ ಆಸ್ಪತ್ರೆ ಹೆಚ್ಚಿಗೆ ಚಾರ್ಜ್ ಮಾಡಿದ್ರೆ ಅದು ಇನ್ಶೂರೆನ್ಸ್ ಕಂಪನಿ ತಲೆ ಮೇಲೆ. ಆಮೇಲೆ ಗೊತ್ತಾಗಿದ್ದು ಆಸ್ಪತ್ರೆಯವ್ರು ರಿಕ್ವೆಸ್ಟೇ ಇನ್ನೂ ಕಳಿಸಿರ್ಲಿಲ್ಲ! ಅವಳು ಅಲ್ಲೇ ನಿಂತು ಕಳಿಸೋ ಹಂಗೆ ಮಾಡಿದ್ಳು, ಕತ್ತಲಾಗೋ ಮುಂಚೆ ಹೊರಟ್ವಿ. ಗ್ಲೌಸು, ಕಿಟ್ಟು ಅಂತ ಒಂದಿಷ್ಟು ಕೈಯಿಂದ ಕಟ್ಟಬೇಕಾಯ್ತು. ಇನ್ನೊಂದು, ಸುಮಾರು ಪಾಲಿಸಿಗಳಲ್ಲಿ ಪಿತ್ತಕೋಶದ ಕಲ್ಲು, ಹರ್ನಿಯಾ ಇಂಥವಕ್ಕೆ ಮೊದಲ 2 ವರ್ಷ ದುಡ್ಡು ಬರಲ್ಲ, ತುರ್ತು ಇಲ್ಲ ಅಂದ್ರೆ ಡೇಟ್ ಇಟ್ಕೊಳ್ಳೋ ಮುಂಚೆ ನೋಡ್ಕೊಳ್ಳಿ.

ಮನೇಲಿ ಅತ್ತೆ ಪೂರ್ತಿ ಬಾಣಂತನ ಮಾಡ್ತಿದಾರೆ, ಕಿವಿಗೆ ಹತ್ತಿ, ತಣ್ಣೀರು ಮುಟ್ಟಂಗಿಲ್ಲ. ಡಾಕ್ಟ್ರು ಓಡಾಡು ಅಂತಾರೆ ಅತ್ತೆ ಮಲಗು ಅಂತಾರೆ, ಇವ್ರು ಮಧ್ಯದಲ್ಲಿ ನಿಂತು ಸಾಯಂಕಾಲ ಅಂಗಳದಲ್ಲಿ ನಡೆಸ್ತಾರೆ.

ಒಟ್ಟು 5ಕ್ಕೆ ಮೂರೂವರೆ. ಹೋಗೋರು ಮೊದ್ಲೇ ಕೇಳ್ಕೊಳ್ಳಿ: ರಾತ್ರಿ ಯಾರಿಗೆ ಪಾಸು, ಮಲಗೋಕೆ ಏನು ಕೊಡ್ತಾರೆ, ಮನೆ ಊಟ ಬಿಡ್ತಾರಾ. ತೆಗೆದ ಪಿತ್ತಕೋಶ ಬಯಾಪ್ಸಿಗೆ ಹೋಗುತ್ತೆ, ಆ ರಿಪೋರ್ಟ್ ಡಿಸ್ಚಾರ್ಜ್ ಫೈಲಲ್ಲಿ ಇರಲ್ಲ, ಆಮೇಲೆ ಬರೋದು, ಹೊಲಿಗೆ ತೋರಿಸೋಕೆ ಹೋದಾಗ ಮರೀದೆ ಕೇಳಿ ಇಸ್ಕೊಳ್ಳಿ, ಅವ್ರಾಗೇ ಫೋನ್ ಮಾಡಲ್ಲ.