ಸ್ಪ್ಯಾನಿಷ್ ಬಣ್ಣಗಳು: ಕಾರ್ಡು, ಹಾಡು, ಆಟ, ಇಲ್ಲವೇ ಕಾಫಿ–ಮೆಣಸಿನ ಬಾಟಲಿ?

ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಸ್ಪ್ಯಾನಿಷ್ ಬಣ್ಣಗಳ ಹೆಸರು ಕಲಿಸಲು ಐದು ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇವೆ: ಬಣ್ಣದ ಕಾರ್ಡು, ಹಾಡು, ಮುಟ್ಟಿ ತೋರಿಸುವ ಆಟ, ಮೊಬೈಲ್ ಆ್ಯಪ್, ಮತ್ತು ಕೊಡಗಿನಲ್ಲಿ ಹುಡುಕಬೇಕಾದ ಅಗತ್ಯವೇ ಇಲ್ಲದ ಕಾಫಿ, ಕರಿಮೆಣಸು. ಅಳೆಯುವ ಕೋಲು ಒಂದೇ. ಕೆಂಪು ಕಾರ್ಡು ಎತ್ತಿದಾಗ ಮಗು ‘ರೊಹೊ’ ಎಂದು ಕೂಗಿದರೆ ಸಾಲದು. ತರಗತಿಯಲ್ಲಿ ಎಂದೂ ತೋರಿಸದ ಕೆಂಪು ದಾಸವಾಳವನ್ನು ವಾರ ಬಿಟ್ಟು ಕಂಡಾಗ ‘ಲಾ ಫ್ಲೋರ್ ರೊಹಾ’ ಎನ್ನಬೇಕು. ಹೂ ಸ್ಪ್ಯಾನಿಷ್‌ನಲ್ಲಿ ಸ್ತ್ರೀಲಿಂಗ, ಹಾಗಾಗಿ ರೊಹೊ ಹೋಗಿ ರೊಹಾ ಆಗುತ್ತದೆ. ಬಣ್ಣ ವಸ್ತುವಿನ ಹೆಸರಾದ ಮೇಲೆ ಬರುತ್ತದೆ, ನಮ್ಮ ‘ಕೆಂಪು ಹೂ’ ಹಾಗೆ ಮೊದಲೇ ಅಲ್ಲ. ಹೆಚ್ಚಿನ ವಿಧಾನಗಳು ಕೈಕೊಡುವುದು ಇಲ್ಲಿಯೇ.

ಕಲಿಸುವ ಪದಗಳು ಹನ್ನೊಂದು. ಕೆಂಪು ರೊಹೊ, ಹಸಿರು ಬೆರ್ದೆ, ನೀಲಿ ಅಸುಲ್, ಹಳದಿ ಅಮರಿಯೊ, ಕಪ್ಪು ನೆಗ್ರೊ, ಬಿಳಿ ಬ್ಲಾಂಕೊ, ಬೂದು ಗ್ರಿಸ್, ಕಂದು ಮರ್ರೋನ್, ನೇರಳೆ ಮೊರಾದೊ, ಗುಲಾಬಿ ರೊಸಾ, ಕಿತ್ತಳೆ ನರಾನ್‌ಹಾ. ಉಚ್ಚಾರಣೆಯಲ್ಲಿ ಕನ್ನಡದ ಮಗುವಿಗೆ ದೊಡ್ಡ ಅನುಕೂಲವಿದೆ. ಸ್ಪ್ಯಾನಿಷ್‌ನ ಐದೂ ಸ್ವರಗಳು ನಮ್ಮಲ್ಲಿವೆ. ಅಲ್ಲಿನ ತ, ದ ಕೂಡ ಹಲ್ಲಿಗೆ ನಾಲಿಗೆ ತಾಗಿಸುವ ನಮ್ಮ ತ, ದಗಳೇ, ಇಂಗ್ಲಿಷಿನ ಟ, ಡ ಅಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ತೋರಿಸಿದಿರೋ, ಆ ಅನುಕೂಲ ಹೋಯಿತು: ರೊಹೊ ‘ರೋಜೋ’ ಆಗುತ್ತದೆ, ಅಮರಿಯೊ ‘ಅಮರಿಲ್ಲೋ’, ಬೆರ್ದೆ ‘ವರ್ಡೆ’. ಮೊದಲ ಎರಡು ವಾರ ಕಿವಿಗೆ ಮಾತ್ರ ಕೆಲಸ ಕೊಡಿ.

ಇನ್ನೊಂದು ತೊಡಕು ನಮ್ಮ ನಾಲಿಗೆಯದೇ. ಬಸ್ಸು, ಕಾರು, ಪೆನ್ನು ಎಂದು ರೂಢಿಯಾದ ಬಾಯಿ ಅಸುಲ್‌ಗೂ ಉಕಾರ ಅಂಟಿಸಿ ‘ಅಸುಲು’ ಮಾಡುತ್ತದೆ, ಗ್ರಿಸ್ ‘ಗ್ರಿಸು’ ಆಗುತ್ತದೆ. ಇದನ್ನು ಸಣ್ಣದೆಂದು ಬಿಡಬಾರದು, ಏಕೆಂದರೆ ಸ್ಪ್ಯಾನಿಷ್‌ನಲ್ಲಿ ಪದದ ಕೊನೆಯೇ ಲಿಂಗ, ವಚನ ಹೇಳುವ ಜಾಗ. ‘ಅಸುಲ್’ ಎಂದು ಹೇಳಿಸಿ, ನಾಲಿಗೆಯ ತುದಿಯನ್ನು ಮೇಲೆ ಒತ್ತಿದ ಹಾಗೆಯೇ ಮೂರು ಎಣಿಸುವವರೆಗೆ ಹಿಡಿದಿಡಲು ಹೇಳಿ. ನಾಲ್ಕೈದು ಸಲ ಹೀಗೆ ಮಾಡಿಸಿದರೆ ಉಕಾರ ಬೀಳುತ್ತದೆ. ಸ್ಪೇನ್‌ನ ಹೆಚ್ಚಿನ ಕಡೆ ಈ ಪದವನ್ನು ನಾಲಿಗೆ ಹಲ್ಲುಗಳ ನಡುವೆ ತಂದು ‘ಅಥುಲ್’ ಎಂಬಂತೆ ಹೇಳುತ್ತಾರೆ, ಲ್ಯಾಟಿನ್ ಅಮೆರಿಕದಲ್ಲಿ ‘ಅಸುಲ್’. ಯಾವುದಾದರೂ ಒಂದನ್ನು ಹಿಡಿದು ವರ್ಷವಿಡೀ ಅದನ್ನೇ ನಡೆಸಿ.

ಈಗ ಕಾರ್ಡುಗಳು. 10×15 ಸೆಂ.ಮೀ. ದಪ್ಪ ಕಾಗದ, ಅಂಚಿನಿಂದ ಅಂಚಿಗೆ ಬಣ್ಣ, ಚಿತ್ರ ಬೇಡ. ಕೆಂಪು ಸೇಬಿನ ಚಿತ್ರ ಹಾಕಿದರೆ ಮಗು ‘ರೊಹೊ’ ಎಂದರೆ ಸೇಬು ಎಂದುಕೊಂಡರೂ ನಿಮಗೆ ಗೊತ್ತಾಗುವುದಿಲ್ಲ. ಒಂದು ಬಣ್ಣಕ್ಕೆ ಮೂರು ಕಾರ್ಡು ಮಾಡಿ: ತಿಳಿ, ನಡು, ಗಾಢ. ಒಂದೇ ಛಾಯೆ ತೋರಿಸಿದ ಮಕ್ಕಳು ಇಟ್ಟಿಗೆ ಕೆಂಪನ್ನು ರೊಹೊ ಎಂದು ಒಪ್ಪುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬರೀ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಸ್ಕೆಚ್ ಪೆನ್ನಿನ ಬಣ್ಣ ಹರಡುತ್ತದೆ, ಲ್ಯಾಮಿನೇಟ್ ಮಾಡಿಸಲೇಬೇಕು. ಕರೆಂಟು ಹೋದ ಮಳೆಗಾಲದ ಮಧ್ಯಾಹ್ನ ಗಾಢ ನೀಲಿ, ನೇರಳೆ, ಕಪ್ಪು ಮೂರೂ ಒಂದೇ ಥರ ಕಾಣುತ್ತವೆ. ಅಂಥ ದಿನ ಆ ಮೂರನ್ನು ಒಟ್ಟಿಗೆ ಎತ್ತಬೇಡಿ.

ಕಾರ್ಡಿನಲ್ಲಿ ಎಲ್ಲರೂ ಮಾಡುವ ತಪ್ಪು ಹನ್ನೊಂದನ್ನೂ ಒಂದೇ ದಿನ ಹರಡುವುದು. ಒಂದೇ ಗುಂಪಿಗೆ ಸೇರಿದ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಒಂದು ಇನ್ನೊಂದನ್ನು ಅಳಿಸುತ್ತದೆ ಎಂಬುದನ್ನು ಟಿಂಕಮ್ ಎಂಬ ಸಂಶೋಧಕರು 1993ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ಬಣ್ಣಗಳಲ್ಲಿ ಇದು ಎದ್ದು ಕಾಣುತ್ತದೆ. ರೊಹೊ–ರೊಸಾ ಒಂದೇ ವಾರ ಬೇಡ, ಮೊದಲ ಸದ್ದೂ ಒಂದು, ಬಣ್ಣವೂ ಹತ್ತಿರ. ಮರ್ರೋನ್–ಮೊರಾದೊ ಅದಕ್ಕಿಂತ ಕೆಟ್ಟ ಜೋಡಿ. ವಾರಕ್ಕೆ ಮೂರು ಬಣ್ಣ ಸಾಕು, ಜೊತೆಗೆ ಬಣ್ಣವಲ್ಲದ ಎರಡು ಮೂರು ಪದ: ಹೂವಿಗೆ ಫ್ಲೋರ್, ಮೇಜಿಗೆ ಮೆಸಾ, ಬೆಕ್ಕಿಗೆ ಗಾತೊ.

ಕಾರ್ಡಿನ ಮೂಲ ಕೊರತೆ, ಅದು ಬಣ್ಣವನ್ನು ಒಂಟಿಯಾಗಿ ಕಲಿಸುತ್ತದೆ. ಮಗುವಿಗೆ ರೊಹೊ ಒಂದೇ ಗೊತ್ತಿರುವಾಗ ಮುಂದೆ ರೊಹಾ ಬಂದರೆ ಅದು ಬೇರೆಯೇ ಬಣ್ಣ ಎಂದುಕೊಳ್ಳುತ್ತದೆ. ಇದಕ್ಕೆ ಕೊಡಗಿನ ಮಕ್ಕಳ ಬಳಿ ಇರುವ ಮದ್ದು ಹಾಕಿ ಆಟ. 1997ರಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ನಾಡು ಇದು. ಅಂಪೈರ್ ತೋರಿಸುವ ಮೂರು ಕಾರ್ಡುಗಳ ಪರಿಚಯ ಹೆಚ್ಚಿನ ಮಕ್ಕಳಿಗಿದೆ. ಹಸಿರು ತ್ರಿಕೋನ, ಹಳದಿ ಚೌಕ, ಕೆಂಪು ವೃತ್ತ. ಕಾರ್ಡಿಗೆ ಸ್ಪ್ಯಾನಿಷ್‌ನಲ್ಲಿ ತಾರ್ಹೇತಾ, ಸ್ತ್ರೀಲಿಂಗ. ಅದೇ ಆಕಾರಕ್ಕೆ ಕತ್ತರಿಸಿ, ಮೈದಾನದಲ್ಲಿ ತೋರಿಸುತ್ತಾ ‘ತಾರ್ಹೇತಾ ಬೆರ್ದೆ’, ‘ತಾರ್ಹೇತಾ ಅಮರಿಯಾ’, ‘ತಾರ್ಹೇತಾ ರೊಹಾ’ ಎಂದು ಹೇಳಿಸಿ. ಹಸಿರಿಗೆ ಎರಡು ನಿಮಿಷ ಹೊರಗೆ, ಹಳದಿಗೆ ಕನಿಷ್ಠ ಐದು, ಕೆಂಪಿಗೆ ಆಟ ಮುಗಿಯುವವರೆಗೆ. ಬಣ್ಣದ ಹಿಂದೆ ಒಂದು ಫಲ ಇದ್ದಾಗ ಪದ ಮರೆಯುವುದಿಲ್ಲ. ಬೆರ್ದೆ ಬದಲಾಗದೆ ಉಳಿಯಿತು, ಉಳಿದೆರಡು ಬದಲಾದವು ಎಂಬುದೂ ಮಗುವಿನ ಬಾಯಲ್ಲಿ ತಾನಾಗಿ ಕೂರುತ್ತದೆ.

ಹಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಗಕ್ಕೆ ಮಕ್ಕಳು ಒಂದೇ ದಿನದಲ್ಲಿ ಎಂಟು ಬಣ್ಣ ಹೇಳುತ್ತಾರೆ, ಪಾಲಕರಿಗೆ ಸಂತೋಷವಾಗುತ್ತದೆ. ಆದರೆ ಹಳದಿ ಹೂ ತೋರಿಸಿ ಕೇಳಿ: ಮಗು ಮೊದಲ ಸಾಲಿನಿಂದ ಹಾಡಿಕೊಂಡು ಬಂದು ಅಮರಿಯೊ ಹತ್ತಿರ ನಿಲ್ಲುತ್ತದೆ. ಅದು ಕಲಿತದ್ದು ಸರಣಿ. ಹಾಡನ್ನು ಬಿಡಬೇಡಿ, ರೊಹೊ ಪದದ ಮೊದಲ ‘ರ್ರ’ ಅದುರಿಸಲು, ಅಸುಲ್‌ನ ಕೊನೆ ಕತ್ತರಿಸಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಮೂರನೆಯ ದಿನದಿಂದ ಹಿಂದುಮುಂದಾಗಿ, ನಡುವಿನಿಂದ ಹಾಡಿಸಿ.

ಆ್ಯಪ್ ಐದರಲ್ಲಿ ಕೊನೆಯದು. ಹೆಚ್ಚಿನವು ಇಂಗ್ಲಿಷ್ ಮೂಲಕ ಕಲಿಸುತ್ತವೆ, ಹಾಗಾಗಿ ಮಗು ರೊಹೊ ಕೇಳಿ ರೆಡ್ ನೆನೆದು ಆಮೇಲೆ ಕೆಂಪಿಗೆ ಬರುತ್ತದೆ. ನಾಲ್ಕರಲ್ಲಿ ಒಂದನ್ನು ಒತ್ತುವುದು ಗುರುತಿಸುವ ಕೆಲಸ, ಹೇಳುವ ಕೆಲಸವಲ್ಲ. ತೋಟದ ಒಳಗಿನ ಮನೆಗಳಲ್ಲಿ ನೆಟ್‌ವರ್ಕಿನ ಗೋಳು ಬೇರೆ. ಸ್ಪ್ಯಾನಿಷ್ ಮಾತಾಡುವವರ ದನಿ ಕೇಳಿಸಲು ಐದು ನಿಮಿಷ ಬಳಸಿ, ಅಷ್ಟೇ.

ಮುಟ್ಟಿ ತೋರಿಸುವ ಆಟಕ್ಕೆ ಹಿನ್ನೆಲೆ ಇದೆ: ಅಪ್ಪಣೆ ಕೇಳಿ ಮೈಯಿಂದ ಉತ್ತರ ಕೊಡುವ ಈ ಕ್ರಮವನ್ನು ಅಮೆರಿಕದ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದರು. ‘ತೋಕಾ ಆಲ್ಗೊ ರೊಹೊ’, ಅಂದರೆ ಕೆಂಪಾದ ಏನನ್ನಾದರೂ ಮುಟ್ಟು. ಮಾತಾಡಲು ನಾಚುವ ಮಗುವೂ ಓಡಿ ಮುಟ್ಟುತ್ತದೆ. ಆಗುವ ಎಡವಟ್ಟು ಒಂದೇ, ಎಲ್ಲರೂ ಮೊದಲು ಓಡಿದವನ ಹಿಂದೆ ಓಡುತ್ತಾರೆ. ಇಬ್ಬಿಬ್ಬರನ್ನೇ ಕಳಿಸಿ, ಉಳಿದವರು ಕಣ್ಣು ಮುಚ್ಚಿರಲಿ. ಮಗು ಬಾಯಿ ಬಿಡುವ ಹಂತಕ್ಕೆ ಬಂದ ಮೇಲೆ ಸ್ಪ್ಯಾನಿಷ್ ಮಕ್ಕಳ ‘ಬೇಯೊ, ಬೇಯೊ’ ಆಟ ಆಡಿಸಿ. ‘ನೋಡುತ್ತಿದ್ದೇನೆ, ನೋಡುತ್ತಿದ್ದೇನೆ’ ಎಂದು ಒಬ್ಬರು ಸುಳಿವು ಕೊಟ್ಟು ಉಳಿದವರು ವಸ್ತುವನ್ನು ಊಹಿಸುವ ಆಟ ಅದು; ಕಂಡ ವಸ್ತುವನ್ನು ‘ದೆ ಕೊಲೋರ್ ರೊಹೊ’, ಕೆಂಪು ಬಣ್ಣದ್ದು, ಎಂದು ಹೇಳಬಹುದು. ಕೊಲೋರ್ ಪುಲ್ಲಿಂಗವಾದ್ದರಿಂದ ವಸ್ತು ಯಾವುದೇ ಇರಲಿ, ರೊಹೊ ಬದಲಾಗುವುದಿಲ್ಲ. ಕಲಿಕೆಯ ಮೊದಲ ತಿಂಗಳಿಗೆ ಇದು ತಪ್ಪಿಲ್ಲದ ಊರುಗೋಲು. ಆದರೆ ಆಟ ರೊಹಾಕ್ಕೆ ಮಗುವನ್ನು ದಾಟಿಸುವುದಿಲ್ಲ. ಆಲ್ಗೊ ಜೊತೆಗೂ ರೊಹೊ ರೂಪವೇ ಬರುತ್ತದೆ.

ದಾಟಿಸಿದ್ದು ಬಾಟಲಿಗಳು. ಮುಚ್ಚಳವಿರುವ ಎಂಟು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿ, ಒಂದೊಂದರಲ್ಲಿ ಇಪ್ಪತ್ತು ಇಪ್ಪತ್ತೈದು ಕಾಳು. ಎಡಸಾಲು ಕಾಫಿ: ಎಳೆಯ ಹಸಿರು ಕಾಯಿ, ದೋರೆಗಾಯಾದ ಹಳದಿ, ಹಣ್ಣಾದ ಕೆಂಪು, ಹುರಿದ ಕಂದು ಬೀಜ. ಬಲಸಾಲು ಮೆಣಸು: ಹಸಿರು ಕಾಳು, ಬಳ್ಳಿಯಲ್ಲೇ ಹಣ್ಣಾದ ಕೆಂಪು, ಒಣಗಿದ ಕಪ್ಪು, ನೆನೆಸಿ ಸಿಪ್ಪೆ ತೆಗೆದ ಬಿಳಿ. ಕಾಫಿ ಕಾಳು ‘ಎಲ್ ಗ್ರಾನೊ’, ಪುಲ್ಲಿಂಗ. ಮೆಣಸು ‘ಲಾ ಪಿಮಿಯೆಂತಾ’, ಸ್ತ್ರೀಲಿಂಗ. ಎಡಕ್ಕೆ ಗ್ರಾನೊ ರೊಹೊ, ಬಲಕ್ಕೆ ಪಿಮಿಯೆಂತಾ ರೊಹಾ. ಎಡಕ್ಕೆ ಗ್ರಾನೊ ಬೆರ್ದೆ, ಬಲಕ್ಕೂ ಪಿಮಿಯೆಂತಾ ಬೆರ್ದೆ. ವ್ಯಾಕರಣದ ಮಾತೇ ಎತ್ತದೆ, ‘ಒ’ದಲ್ಲಿ ಮುಗಿಯುವ ಬಣ್ಣ ಬದಲಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ ಎಂಬ ನಿಯಮ ಎರಡು ಜೋಡಿ ಬಾಟಲಿಯಲ್ಲಿ ಮುಗಿಯಿತು. ಹಿಂದಿ ಬರುವ ದೊಡ್ಡ ಮಕ್ಕಳಿಗೆ ಕಾಲಾ–ಕಾಲೀ ಬದಲಾಗಿ ಲಾಲ್ ಬದಲಾಗದೆ ಇರುವುದನ್ನು ನೆನಪಿಸಿದರೆ ಇನ್ನೂ ಬೇಗ ಹಿಡಿಯುತ್ತಾರೆ.

ಇಲ್ಲಿ ಎಚ್ಚರ ಬೇಕಾದ ವಿಷಯಗಳು ಹಲವು. ಮೆಣಸಿನ ಒಂದು ಕಾಳಿಗೂ ಸ್ಪ್ಯಾನಿಷ್‌ನಲ್ಲಿ ಗ್ರಾನೊ ಎನ್ನಬಹುದು, ಆಗ ಅದು ಪುಲ್ಲಿಂಗವಾಗಿ ಇಡೀ ಜೋಡಣೆ ಕೆಡುತ್ತದೆ. ಬಲಸಾಲಿಗೆ ಆ ಪದ ಬಳಸಲೇಬೇಡಿ. ‘ಪಿಮಿಯೆಂತೊ’ ಎಂದು ಕೊನೆ ತಪ್ಪಿದರೆ ಅದು ಮೆಣಸಲ್ಲ, ದೊಣ್ಣೆಮೆಣಸಿನಕಾಯಿ. ಹಸಿ ಕಾಫಿ ಬೀಜವನ್ನು ಸ್ಪ್ಯಾನಿಷ್‌ನಲ್ಲಿ ಕಫೆ ಬೆರ್ದೆ ಎನ್ನುತ್ತಾರಾದರೂ ಮಗುವಿನ ಕಣ್ಣಿಗೆ ಅದು ಬೂದು, ಹೊರಗಿಡಿ. ಒಣಗಿದ ಚೆರ್ರಿ, ಅಂದರೆ ಇಡೀ ಕಾಫಿ ಹಣ್ಣು, ಕಪ್ಪೋ ಕಂದೋ ಎಂದು ದೊಡ್ಡವರೇ ಒಪ್ಪುವುದಿಲ್ಲ, ಅದೂ ಬೇಡ. ಮೆಕ್ಸಿಕೊದಲ್ಲಿ ಕಂದು ಬಣ್ಣಕ್ಕೇ ಕಫೆ ಎನ್ನುತ್ತಾರೆ, ಕೇಳಲು ನಮಗೆ ಹಿತ, ಆದರೆ ವಸ್ತು–ಬಣ್ಣ ಎರಡೂ ಒಂದೇ ಪದವಾದರೆ ಆರಂಭದ ಮಗು ಗೊಂದಲಕ್ಕೆ ಬೀಳುತ್ತದೆ. ಮರ್ರೋನ್ ಗಟ್ಟಿಯಾದ ಮೇಲೆ ಹೇಳಿ. ಇಂಗ್ಲಿಷ್ ಬಲ್ಲ ಮಕ್ಕಳಿಗೆ ನೆಗ್ರೊ ಸ್ಪ್ಯಾನಿಷ್‌ನಲ್ಲಿ ಕಪ್ಪು ಬಣ್ಣದ ಸಾಮಾನ್ಯ ಹೆಸರು, ಇಂಗ್ಲಿಷ್‌ನಲ್ಲಿ ಜನರಿಗೆ ಹೇಳಬಾರದ ಮಾತು ಎಂದು ಮೊದಲೇ ತಿಳಿಸಿ.

ಕೆಂಪು ಹಣ್ಣುಗಳು ಮುಚ್ಚಿದ ಬಾಟಲಿಯಲ್ಲಿ ಬೇಗ ಕಪ್ಪಾಗಿ ಹುಳಿ ವಾಸನೆ ಬರುತ್ತವೆ, ಎರಡು ದಿನಕ್ಕೊಮ್ಮೆ ಬದಲಿಸಿ. ಮುಚ್ಚಳಕ್ಕೆ ಟೇಪು ಸುತ್ತಿ: ಕಾಳು ಮೂಗಿಗೆ ಹೋಗುತ್ತದೆ, ಮೆಣಸು ಮುಟ್ಟಿದ ಕೈ ಕಣ್ಣಿಗೆ ಹೋಗುತ್ತದೆ. ಮೆಣಸನ್ನು ಚಾಪೆಯ ಮೇಲೆ ಬಿಸಿಲಿಗೆ ಹರಡಿ ದಿನಾ ಬಣ್ಣ ಕೇಳಿದರೆ ಬೆರ್ದೆ ಕೆಲವೇ ದಿನದಲ್ಲಿ ನೆಗ್ರಾ ಆಗುವುದನ್ನು ಮಗು ತಾನೇ ಹೇಳುತ್ತದೆ. ಯಾವ ಕಾರ್ಡಿಗೂ ಇದು ಸಾಧ್ಯವಿಲ್ಲ.

ಬಾಟಲಿಗಳ ಮಿತಿ ಎರಡು. ಒಂದು, ಕಾಲ. ಶಾಲೆ ತೆರೆಯುವ ಜೂನ್‌ನಲ್ಲಿ ಗಿಡದಲ್ಲಿ ಇರುವುದು ಹಸಿರು ಮಾತ್ರ. ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ಅರೇಬಿಕಾ ಕಾಫಿ ಕೆಂಪಾಗುತ್ತದೆ. ರೊಬಸ್ಟಾ ಕಾಫಿಯ ಹಣ್ಣು, ಕೆಂಪು ಮೆಣಸು ಎರಡೂ ಒಟ್ಟಿಗೆ ಸಿಗುವುದು ಜನವರಿ–ಫೆಬ್ರವರಿಯಲ್ಲಿ. ಹಾಗಾಗಿ ಮಳೆಗಾಲಕ್ಕೆ ಹಾಕಿಯ ಕಾರ್ಡು ಮತ್ತು ಮುಟ್ಟುವ ಆಟ, ಚಳಿಗಾಲಕ್ಕೆ ಬಾಟಲಿ. ಎರಡು, ನೀಲಿ, ನೇರಳೆ, ಗುಲಾಬಿ, ಬೂದು ಈ ಬಾಟಲಿಗಳಲ್ಲಿ ಇಲ್ಲ. ಇವಕ್ಕೆ ಕಾರ್ಡೇ ಗತಿ.

ಕಿತ್ತಳೆಗೆ ಕೊಡಗಿನ ಕಿತ್ತಳೆಯನ್ನೇ ಹಿಡಿಯುವ ಆಸೆಯಾಗುತ್ತದೆ, ಹಿಡಿಯಬೇಡಿ. ಅದು ಮ್ಯಾಂಡರಿನ್ ಜಾತಿಯದು, ಸ್ಪ್ಯಾನಿಷ್ ಹೆಸರು ಮಂದರೀನಾ. ಮೇಲಾಗಿ ಹಣ್ಣಾದರೂ ಸಿಪ್ಪೆಯಲ್ಲಿ ಹಸಿರು ಉಳಿದಿರುತ್ತದೆ. ಚೆಂಡು ಹೂ ತನ್ನಿ. ನರಾನ್‌ಹಾ ಸಂಸ್ಕೃತದ ನಾರಂಗದಿಂದ ಪರ್ಷಿಯನ್, ಅರಬ್ಬಿ ದಾಟಿ ಹೋದ ಪದ ಎಂದು ಹೇಳಿದರೆ ಮಕ್ಕಳ ಕಣ್ಣರಳುತ್ತದೆ. ನಮ್ಮಲ್ಲಿ ಕಿತ್ತಳೆ ಹಣ್ಣೂ ಹೌದು ಬಣ್ಣವೂ ಹೌದು, ಗುಲಾಬಿ ಹೂವೂ ಹೌದು ಬಣ್ಣವೂ ಹೌದು. ನರಾನ್‌ಹಾ, ರೊಸಾ ಕೂಡ ಹಾಗೆಯೇ. ಹೀಗೆ ವಸ್ತುವಿನ ಹೆಸರೇ ಬಣ್ಣವಾದವು ಲಿಂಗಕ್ಕೆ ಬದಲಾಗುವುದಿಲ್ಲ: ಗಾತೊ ನರಾನ್‌ಹಾ, ಫ್ಲೋರ್ ನರಾನ್‌ಹಾ.

ಯಾವ ವಿಧಾನದಲ್ಲೂ ಒಂದು ಮಗು ರೊಹೊ–ಬೆರ್ದೆ ಮಾತ್ರ ಪದೇಪದೇ ಅದಲುಬದಲು ಮಾಡಿ, ಅಸುಲ್–ಅಮರಿಯೊ ಸರಿಯಾಗಿ ಹೇಳುತ್ತಿದ್ದರೆ ಬಾಟಲಿಗಳನ್ನು ಮುಂದಿಟ್ಟು ಕನ್ನಡದಲ್ಲೇ ‘ಕೆಂಪು ಯಾವುದು?’ ಎಂದು ಕೇಳಿ. ಅಲ್ಲೂ ತಡವರಿಸಿದರೆ ತೊಡಕು ಭಾಷೆಯದಲ್ಲ, ಬಣ್ಣಗುರುಡು ಇರಬಹುದು; ಗಂಡುಮಕ್ಕಳಲ್ಲಿ ಇದು ಹೆಚ್ಚು. ಗದರಿಸದೆ ಮನೆಯವರಿಗೆ ತಿಳಿಸಿ ಕಣ್ಣಿನ ವೈದ್ಯರಿಗೆ ತೋರಿಸಲು ಹೇಳಿ, ಆ ಮಗುವಿಗೆ ರೊಹೊ–ರೊಹಾ ಬದಲು ಪಿಮಿಯೆಂತಾ ನೆಗ್ರಾ, ಪಿಮಿಯೆಂತಾ ಬ್ಲಾಂಕಾ ಜೋಡಿಯಲ್ಲಿ ಪಾಠ ನಡೆಸಿ.