ಚಳಿಗಾಲದ ಸಿಸಿಲಿ ಗ್ರೂಪ್ ಟೂರ್: ಹೋಗಿ, ಆದ್ರೆ ಮಜಾರಾ ಊರನ್ನೂ ಸೇರಿಸ್ಲಿಕ್ಕೆ ಹೇಳಿ

ಜನವರಿ ಕೊನೆಗೆ ಹೊರಟು ಫೆಬ್ರವರಿ ಮೊದಲ ವಾರ ಮುಗಿಸಿ ಬಂದ ಸಿಸಿಲಿ ಟೂರ್ ಬಗ್ಗೆ ತುಂಬ ಜನ ಕೇಳ್ತಾ ಇದ್ದಾರೆ, ಒಬ್ಬೊಬ್ಬರಿಗೆ ಫೋನಲ್ಲಿ ಹೇಳುವ ಬದಲು ಇಲ್ಲೇ ಬರೀತೇನೆ. ನಮ್ಮನ್ನು ಕರ್ಕೊಂಡು ಹೋದದ್ದು ಮಂಗಳೂರಿನದ್ದೇ ಒಂದು ಸಣ್ಣ ಟ್ರಾವೆಲ್ಸ್. ಹೆಸರು ಹಾಕುವುದಿಲ್ಲ, ಯಾಕಂದ್ರೆ ನನ್ನದು ಕೆಲವು ತಕರಾರು ಉಂಟು, ಅದನ್ನು ಅವರಿಗೇ ನೇರ ಬರೆದು ಕೊಟ್ಟಾಗಿದೆ. ಒಟ್ಟಿಗೆ ಹೇಳುವುದಾದ್ರೆ ಐದಕ್ಕೆ ನಾಲ್ಕು ಕೊಡ್ತೇನೆ. ವಿಮಾನ, ಹೋಟೆಲ್, ಬಸ್ ಎಲ್ಲ ಸೇರಿ ತಲೆಗೆ ಎರಡೂವರೆ ಲಕ್ಷದ ಹತ್ತಿರ ಬಂತು, ಆ ದುಡ್ಡಿಗೆ ಮೋಸ ಇಲ್ಲ.

ಎಲ್ಲರೂ ಮೊದಲು ಕೇಳುವುದು ಯುರೋಪಿಗೆ ಯಾರಾದ್ರೂ ಚಳಿಗಾಲದಲ್ಲಿ ಹೋಗ್ತಾರಾ ಅಂತ. ಸಿಸಿಲಿಗೆ ಹೋಗ್ಬೇಕಾದ್ದೇ ಆಗ. ಇಟಲಿಯ ತುದಿಯಲ್ಲಿ, ಆಫ್ರಿಕಾಕ್ಕೆ ಮುಖ ಮಾಡಿಕೊಂಡಿರುವ ದ್ವೀಪ ಅದು, ಮೆಡಿಟರೇನಿಯನ್‌ನಲ್ಲಿ ಎಲ್ಲಕ್ಕಿಂತ ದೊಡ್ಡದು. 2021ರ ಆಗಸ್ಟ್‌ನಲ್ಲಿ ಸಿರಾಕ್ಯೂಸಾ ಹತ್ತಿರ 48.8 ಡಿಗ್ರಿ ಬಿಸಿಲು ದಾಖಲಾಗಿತ್ತು, ಯುರೋಪಿನ ಇತಿಹಾಸದಲ್ಲೇ ಅಷ್ಟು ಬಿಸಿ ಬೇರೆ ಕಡೆ ಆದದ್ದಿಲ್ಲ. ಅಗ್ರಿಜೆಂಟೋದ ಗ್ರೀಕ್ ದೇವಸ್ಥಾನಗಳ ಗುಡ್ಡದಲ್ಲಿ ನೆರಳು ಅಂತ ಹೇಳುವಂಥದ್ದೇನೂ ಇಲ್ಲ, ಆ ಬಿಸಿಲಲ್ಲಿ ಪ್ರಾಯ ಆದವರನ್ನು ಕರ್ಕೊಂಡು ಅಲ್ಲಿ ನಡೆಯುವುದನ್ನು ನೆನೆಸಿಕೊಳ್ಳಿ. ನಾವು ಹೋದಾಗ ಹಗಲು ಹದಿನಾಲ್ಕು ಹದಿನೈದು ಡಿಗ್ರಿ, ಒಂದು ಸ್ವೆಟರ್ ಮತ್ತೆ ಒಂದು ಮಳೆ ಜಾಕೆಟ್ ಸಾಕು, ಕೊಂಕೋರ್ಡಿಯಾ ದೇವಸ್ಥಾನದ ಎದುರು ಬಾದಾಮಿ ಮರಗಳು ಎಲೆ ಬರುವ ಮೊದಲೇ ಬಿಳಿ ಗುಲಾಬಿ ಹೂ ಬಿಟ್ಟು ನಿಂತಿದ್ದವು, ಜನವೂ ಕಡಿಮೆ. ಮಳೆ ಬರ್ತದೆ, ಸಂಜೆ ಐದೂವರೆಗೆಲ್ಲ ಕತ್ತಲಾಗ್ತದೆ, ಅಷ್ಟಕ್ಕೆ ತಯಾರಿ ಇರಿ.

ಈ ಟೂರಿನ ನಿಜವಾದ ಗುಣ ಎಂತ ಅಂದ್ರೆ ಚರಿತ್ರೆ ಬೇರೆ ಊಟ ಬೇರೆ ಅಂತ ಅವರು ಮಾಡ್ಲಿಲ್ಲ. ಬೆಳಿಗ್ಗೆ ಯಾವ ರಾಜನ ಚರ್ಚ್ ನೋಡಿದ್ದೇವೋ ಮಧ್ಯಾಹ್ನ ಅವನ ಕಾಲದಲ್ಲಿ ಬಂದ ಪದಾರ್ಥ ಬಟ್ಟಲಲ್ಲಿ. ಪಲೆರ್ಮೋದಲ್ಲಿ ಮೊದಲ ದಿನವೇ ಅರಮನೆಯೊಳಗಿನ ಸಣ್ಣ ಚರ್ಚ್, ಪಲಟೈನ್ ಚಾಪೆಲ್‌ಗೆ ಕರ್ಕೊಂಡು ಹೋದ್ರು. ಅರಬ್ಬರಿಂದ ಸಿಸಿಲಿ ಗೆದ್ದ ನಾರ್ಮನ್ ವಂಶದ ರಾಜ ಎರಡನೇ ರೋಜರ್ 1132ರಲ್ಲಿ ಕಟ್ಟಿಸ್ಲಿಕ್ಕೆ ಶುರು ಮಾಡಿ 1140ರಲ್ಲಿ ಪ್ರತಿಷ್ಠೆ ಮಾಡಿದ್ದು. ಗೋಡೆ ತುಂಬ ಬಣ್ಣದ ಚೂರುಗಳನ್ನು ಜೋಡಿಸಿದ ಬಂಗಾರದ ಮೊಸಾಯಿಕ್‌ನಲ್ಲಿ ಗ್ರೀಕ್ ಕುಶಲಕರ್ಮಿಗಳು ಮಾಡಿದ ಬೈಬಲ್ ಕಥೆ, ತಲೆ ಎತ್ತಿದ್ರೆ ಮರದ ಸೂರು ಪೂರಾ ಮುಸ್ಲಿಂ ಕಲಾವಿದರ ಕೆಲಸ, ಜೇನುಗೂಡಿನ ಕೋಶದ ಹಾಗೆ ಕೊರೆದು ಅದರ ಮೇಲೆ ಪೇಂಟ್ ಮಾಡಿ ಅರಬ್ಬಿ ಅಕ್ಷರ ಬರೆದದ್ದು. ಒಂದು ಕ್ರಿಶ್ಚಿಯನ್ ರಾಜನ ಖಾಸಗಿ ಚಾಪೆಲ್‌ನಲ್ಲಿ ಇದು! ಹೊರಗಿನ ಗೋಡೆಯಲ್ಲಿ 1142ರದ್ದೊಂದು ಕಲ್ಲು ಉಂಟು, ರೋಜರ್ ಮಾಡಿಸಿದ ನೀರಿನ ಗಡಿಯಾರದ ಬಗ್ಗೆ, ಲ್ಯಾಟಿನ್, ಗ್ರೀಕ್, ಅರಬ್ಬಿ ಮೂರೂ ಭಾಷೆಯಲ್ಲಿ. ಗೈಡ್ ಅಲ್ಲಿನವರೇ ಒಬ್ಬ ಹೆಂಗಸು, ಇಂಗ್ಲಿಷ್ ನಿಧಾನ ಮಾತಾಡ್ತಾರೆ, ಮೂರು ಲಿಪಿಯನ್ನೂ ಒಂದೊಂದಾಗಿ ತೋರಿಸಿ ಓದಿದ್ರು, ಅವಸರ ಮಾಡ್ಲಿಲ್ಲ.

ಈ 1132 ಅನ್ನುವ ಇಸವಿ ಕೇಳಿದಾಗ ನಂಗೆ ಅಲ್ಲೇ ಮೈ ಝುಂ ಅಂತು. ಕಾಲೇಜಲ್ಲಿ ಇತಿಹಾಸ ಪಾಠ ಮಾಡಿದವಳು ನಾನು, ಹಾಗಾಗಿ ಇದನ್ನು ಬಿಡ್ಲಿಕ್ಕೆ ಆಗುವುದಿಲ್ಲ, ಸ್ವಲ್ಪ ಉದ್ದ ಆಗ್ತದೆ. ಅದೇ 1132ರ ಅಕ್ಟೋಬರ್‌ನಲ್ಲಿ ನಮ್ಮ ಮಂಗಳೂರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಆಶು ಎಂಬ ಹೆಂಗಸನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಬರೆದಿದ್ದಾನೆ. ಆ ಮನುಷ್ಯ ಹುಟ್ಟಿದ್ದು ಟುನಿಷಿಯಾದ ಮಹ್ದಿಯಾದಲ್ಲಿ, ವ್ಯಾಪಾರಕ್ಕೆ ಯೆಮೆನ್‌ನ ಬಂದರು ಏಡನ್ ದಾಟಿ ಇಲ್ಲಿ ಬಂದು ವರ್ಷಗಟ್ಟಲೆ ನಿಂತವನು, ಕಾಳುಮೆಣಸು, ಏಲಕ್ಕಿ, ಅಡಿಕೆ ಹಡಗಿಗೆ ಹಾಕಿ ಕಳಿಸ್ತಿದ್ದ, ಕಂಚಿನ ಸಾಮಾನು ಮಾಡುವ ಒಂದು ಕಾರ್ಖಾನೆಯೂ ಇತ್ತು, ಅವನ ವ್ಯವಹಾರ ನೋಡಿಕೊಳ್ಳುವವನಿಗೆ ಬೊಮ್ಮ ಅಂತ ಹೆಸರು. ಇದೆಲ್ಲ ಕೈರೋದ ಹಳೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ (ಸಿನಗಾಗ್) ಸಿಕ್ಕಿದ ಕಾಗದಪತ್ರಗಳಿಂದ ಗೊತ್ತಾದದ್ದು. ಈಗ ಸಿಸಿಲಿಗೆ ಬನ್ನಿ. 1148ರಲ್ಲಿ ಇದೇ ಚಾಪೆಲ್ ಕಟ್ಟಿಸಿದ ರೋಜರನ ನೌಕಾಪಡೆ ಮಹ್ದಿಯಾ ಹಿಡಿಯಿತು, ಬೆನ್ ಯಿಜುವಿನ ಒಡಹುಟ್ಟಿದವರು ಊರು ಬಿಟ್ಟು ಸಿಸಿಲಿಗೆ ಬಂದು ಸೇರಿದ್ರು. 1149ರಲ್ಲಿ ಅವನು ಮಂಗಳೂರಿಂದ ಮಕ್ಕಳನ್ನು ಕರ್ಕೊಂಡು ಏಡನ್‌ಗೆ ಹೋಗಿ ಅಲ್ಲಿಂದ ಅವರಿಗೆ ಕಾಗದ ಬರೆದ, ನಿಮ್ಮಲ್ಲಿ ಯಾರಾದ್ರೂ ಬನ್ನಿ, ನನ್ನ ಮಗಳನ್ನು ನಮ್ಮ ಮನೆತನಕ್ಕೇ ಕೊಡ್ಬೇಕು ಅಂತ. ಕೊನೆಗೆ 1156ರಲ್ಲಿ ಈಜಿಪ್ಟ್‌ನಲ್ಲಿ ಮದುವೆ ಆಯಿತು, ಹುಡುಗ ಅಣ್ಣತಮ್ಮಂದಿರ ಪೈಕಿ ಒಬ್ಬನ ಮಗ, ಬಂದದ್ದು ಸಿಸಿಲಿಯ ಮಜಾರಾದಿಂದ. ಆ ಹುಡುಗಿಯ ತಾಯಿ ಆಶುವೇ ಅಂತ ವಿದ್ವಾಂಸರು ತಿಳಿಯುವುದು. ಅಂದ್ರೆ ಮಂಗಳೂರಲ್ಲಿ ಬೆಳೆದ ಹುಡುಗಿಗೆ ಸಿಸಿಲಿಯ ಗಂಡು!

ಆ ಮಜಾರಾ ಇವರ ಪಟ್ಟಿಯಲ್ಲೇ ಇರ್ಲಿಲ್ಲ. ತ್ರಾಪಾನಿಯ ಉಪ್ಪಿನ ಗದ್ದೆ, ಮಾರ್ಸಾಲಾ ನೋಡಿ ಸೀದಾ ಅಗ್ರಿಜೆಂಟೋ ಅಂತ ಇತ್ತು, ಈಗ ಮಜಾರಾ ದೆಲ್ ವಾಲ್ಲೋ ಅಂತ ಕರೆಯುವ ಆ ಊರು ದಾರಿಯಲ್ಲೇ ಸಿಗ್ತದೆ ಮಾರಾಯ್ರೆ. ನಾನು ಹಿಂದಿನ ರಾತ್ರಿ ಊಟದ ಟೇಬಲ್ಲಲ್ಲಿ ಎಲ್ಲರಿಗೂ ಈ ಕಥೆ ಹೇಳಿದೆ. ಬಂದರಿನ ಸಾಹೇಬ್ರು ದಂಪತಿ, ಬೆಂದೂರಿನ ಬಾಯಮ್ಮ, ಉಡುಪಿಯ ಭಟ್ರು ಎಲ್ಲ ಒಟ್ಟಾಗಿ ಗೈಡ್ ಹತ್ರ ಹೋಗಿ ಹಟ ಹಿಡಿದ್ರು, ಆಕೆಯೂ ಖುಷಿಯಲ್ಲೇ ಒಪ್ಪಿ ಬಸ್ಸಿನವನ ಹತ್ರ ಮಾತಾಡಿದ್ರು. ಎರಡು ಗಂಟೆ ಸಿಕ್ಕಿತು. ಅರಬ್ಬರ ಸೈನ್ಯ 827ರಲ್ಲಿ ಸಿಸಿಲಿಗೆ ಕಾಲಿಟ್ಟದ್ದೂ ಇಲ್ಲೇ. ಹಳೆ ಕೇರಿಯ ಓಣಿಗಳು ಇಬ್ಬರು ಒಟ್ಟಿಗೆ ನಡೆಯುವಷ್ಟೇ ಅಗಲ, ತಿರುಗಿ ತಿರುಗಿ ಎಲ್ಲಿಗೋ ಹೋಗಿ ನಿಲ್ತದೆ, ಗೋಡೆಗೆ ಬಣ್ಣದ ಟೈಲ್ಸ್, ಮೀನುಗಾರಿಕೆಗೆ ಬಂದು ನಿಂತ ಟುನಿಷಿಯಾದ ಕುಟುಂಬಗಳು ಈಗಲೂ ಅಲ್ಲಿ ಇದ್ದಾರೆ. ಒಂದು ಮನೆಯ ಮೆಟ್ಟಿಲಲ್ಲಿ ಅಜ್ಜಿಯೊಬ್ಬರು ಕುಳಿತು ಬೀನ್ಸ್ ಸೋಸ್ತಾ ಇದ್ದರು, ಸಾಹೇಬ್ರ ಹೆಂಡತಿ ಸಲಾಂ ಹೇಳಿದ್ದಕ್ಕೆ ಎದ್ದು ಒಳಗೆ ಹೋಗಿ ಒಂದು ತಟ್ಟೆ ಖರ್ಜೂರ ತಂದು ಎಲ್ಲರಿಗೂ ಹಿಡಿದ್ರು.

ಅಲ್ಲಿಯೇ ಒಂದು ಹಳೆ ಚರ್ಚ್‌ನಲ್ಲಿ ಕುಣಿಯುವ ಸ್ಯಾಟಿರ್‌ನ ಕಂಚಿನ ಮೂರ್ತಿ ಇಟ್ಟಿದ್ದಾರೆ, ಸ್ಯಾಟಿರ್ ಅಂದ್ರೆ ಗ್ರೀಕ್ ಪುರಾಣದ ಕುಡಿದು ಕುಣಿಯುವ ಕಾಡಿನ ಜೀವಿ. 1998ರಲ್ಲಿ ಮಜಾರಾದ ಮೀನಿನ ಬೋಟಿನ ಬಲೆಗೆ ಸುಮಾರು 500 ಮೀಟರ್ ಆಳದಿಂದ ಬಂದದ್ದು ಅದು, ಹಿಂದಿನ ವರ್ಷ ಬರೀ ಒಂದು ಕಾಲು ಮಾತ್ರ ಬಂದಿತ್ತಂತೆ. ಕೈ ಎರಡೂ ಇಲ್ಲ, ಇನ್ನೊಂದು ಕಾಲೂ ಇಲ್ಲ, ಆದ್ರೂ ಮೈ ತಿರುಚಿ ತಲೆ ಹಿಂದಕ್ಕೆ ಎಸೆದು ಕೂದಲು ಹಾರಿಸಿಕೊಂಡು ಸುತ್ತು ಹೊಡೀತಾ ಇದ್ದಾನೆ, ಕಣ್ಣಿನ ಬಿಳಿ ಕಲ್ಲು ಹಾಗೇ ಉಳಿದಿದೆ. ನಮ್ಮ ಗ್ರೂಪಲ್ಲಿ ಮಲ್ಪೆಯವರೊಬ್ಬರು ಇದ್ದರು, ಅವರದ್ದೇ ಟ್ರಾಲ್ ಬೋಟ್ ಉಂಟು. ಎಲ್ಲರೂ ಹೊರಗೆ ಬಂದ ಮೇಲೂ ಅವರು ಬರ್ಲಿಲ್ಲ, ಬಲೆ ಎಳೆಯುವಾಗ ಇಷ್ಟು ಭಾರ ಬಂದ್ರೆ ಮೊದಲು ಹೆದರಿಕೆಯೇ ಆಗುವುದು ಅಂತ ಗಾರ್ಡ್ ಹತ್ರ ಕೈಸನ್ನೆಯಲ್ಲಿ ಮಾತಾಡ್ತಾ ನಿಂತಿದ್ದರು.

ಊಟದ ವಿಷಯಕ್ಕೆ ಬರ್ತೇನೆ. ಪಾಸ್ತಾ ಕೊನ್ ಲೆ ಸಾರ್ದೆ ಅಂತ ಪಲೆರ್ಮೋದ ಪ್ರಸಿದ್ಧ ಪಾಸ್ತಾ, ಅದಕ್ಕೆ ಹಾಕುವುದು ಬೂತಾಯಿ ಮೀನು. ನಮ್ಮನ್ನು ಒಂದು ಸಣ್ಣ ಹೋಟೆಲಿನ ಅಡುಗೆಮನೆ ಒಳಗೇ ಬಿಟ್ಟಿದ್ದರು ಹಾಗಾಗಿ ನೋಡಿ ಹೇಳ್ತಾ ಇದ್ದೇನೆ, ಕಾಡು ಸೋಂಪಿನ ಹಸಿರು ಸೊಪ್ಪನ್ನು ಮೊದಲು ಬೇಯಿಸಿ ತೆಗೆದು ಅದೇ ಹಸಿರು ನೀರಲ್ಲಿ ಪಾಸ್ತಾ ಬೇಯಿಸ್ತಾರೆ, ಬೇರೆ ಬಾಣಲೆಯಲ್ಲಿ ನೀರುಳ್ಳಿ, ಮುಳ್ಳು ತೆಗೆದ ಬೂತಾಯಿ, ಒಣದ್ರಾಕ್ಷಿ, ಪೈನ್ ಬೀಜ, ಚೂರು ಕೇಸರಿ, ಕೊನೆಗೆ ಮೇಲಿಂದ ಹುರಿದ ಬ್ರೆಡ್ ಪುಡಿ. ಬೂತಾಯಿಗೆ ದ್ರಾಕ್ಷಿಯಾ ಅಂತ ನಂಗೂ ಅನ್ನಿಸಿತ್ತು, ಬಾಯಿಗೆ ಹಾಕಿದ ಮೇಲೆ ಎರಡನೇ ಸಲ ಬಡಿಸಿಕೊಂಡೆ. ಸಿಹಿ, ಉಪ್ಪು, ಕೇಸರಿ ಹೀಗೆ ಬೆರೆಸುವುದು ಅರಬ್ ಅಡುಗೆಯ ಗುರುತು ಅಂತ ಅಲ್ಲಿನವರೇ ಹೇಳ್ತಾರೆ. ತ್ರಾಪಾನಿಯಲ್ಲಿ ಮೀನಿನ ಸಾರು ಹಾಕಿದ ಗೋಧಿ ರವೆಯ ಕುಸ್‌ಕುಸ್, ಅದಂತೂ ಸಮುದ್ರದ ಆಚೆ ಟುನಿಷಿಯಾದಿಂದಲೇ ಬಂದದ್ದು.

ಸಸ್ಯಾಹಾರಿಗಳು ಹೆದರ್ಬೇಕಂತ ಇಲ್ಲ, ಆದ್ರೆ ಕೆಲವು ತಿಳಿದಿರ್ಬೇಕು. ಪನೆಲ್ಲೆ ಅಂದ್ರೆ ಕಡ್ಲೆಹಿಟ್ಟನ್ನು ನೀರಲ್ಲಿ ಬೇಯಿಸಿ ತೆಳು ಹರಡಿ ಆರಿಸಿ ತುಂಡು ಮಾಡಿ ಕರಿದದ್ದು, ಎಳ್ಳಿನ ಬನ್ನಿನೊಳಗೆ ಇಟ್ಟು ಲಿಂಬೆ ಹಿಂಡಿ ಕೊಡ್ತಾರೆ, ಪಲೆರ್ಮೋದ ಬಲ್ಲಾರೋ ಮಾರ್ಕೆಟ್ಟಲ್ಲಿ ಬಿಸಿ ಬಿಸಿ ತಿನ್ನಿ. ಬದನೆಯದ್ದು ಕಪೋನಾತಾ, ಬದನೆಯೇ ಹಾಕುವ ಕತಾನಿಯಾ ಊರಿನ ಪಾಸ್ತಾ ಅಲ್ಲಾ ನೋರ್ಮಾ, ಒಣ ಬೀನ್ಸ್ ಅರೆದು ಮಾಡುವ ಮಾಕ್ಕೊ ಎಲ್ಲ ಒಳ್ಳೆಯದು. ಆದ್ರೆ ಅರಂಚಿನಾ ಅಲ್ ಬುರ್ರೋ ಅಂತ ಕರಿದ ಅನ್ನದ ಉಂಡೆ ಉಂಟು, ಬೆಣ್ಣೆಯದ್ದು ಅಂತ ಹೆಸರು, ಒಳಗೆ ಚೀಸ್ ಜೊತೆ ಹಂದಿಮಾಂಸದ ಹ್ಯಾಮ್ ಇರ್ತದೆ. ಕನ್ನೋಲಿ ಎಂಬ ಸಿಹಿತಿಂಡಿಯ ಕರಿದ ಚಿಪ್ಪಿಗೆ ಹಳೆ ಕ್ರಮದಲ್ಲಿ ಹಂದಿ ಕೊಬ್ಬು ಹಾಕುವುದು, ವೈನ್ ಕೂಡ. ಭಟ್ರು ಮತ್ತೆ ಸಾಹೇಬ್ರು ಇಬ್ಬರಿಗೂ ಇದು ಮುಖ್ಯ, ಗೈಡ್ ಪ್ರತಿ ಕಡೆ ಕೇಳಿ ಹೇಳ್ತಾ ಇದ್ದರು, ಅದಕ್ಕೆ ಆಕೆಗೆ ಪೂರ್ತಿ ಮಾರ್ಕು. ಹೊರಡುವ ಮೊದಲು ಟ್ರಾವೆಲ್ಸ್‌ನವರು ಇದರಲ್ಲಿ ಒಂದಕ್ಷರ ಹೇಳಿರ್ಲಿಲ್ಲ.

ಮತ್ತೆ ಕಿತ್ತಳೆ. ಚಳಿಗಾಲದಲ್ಲಿ ಹೋಗ್ಲಿಕ್ಕೆ ಇದೊಂದೇ ಕಾರಣ ಸಾಕು. ಎಟ್ನಾ ಜ್ವಾಲಾಮುಖಿಯ ಸುತ್ತ ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ, ಆ ವ್ಯತ್ಯಾಸದಿಂದಲೇ ಹಣ್ಣಿನೊಳಗೆ ಕೆಂಪು ಬಣ್ಣ ಹುಟ್ಟುವುದು, ಮೋರೋ ಜಾತಿಯದ್ದು ಕತ್ತರಿಸಿದ್ರೆ ಒಳಗೆ ಕಪ್ಪು ಕೆಂಪು. ಸೋಂಪಿನ ಗಡ್ಡೆ, ಆಲಿವ್ ಎಣ್ಣೆ, ಉಪ್ಪು ಹಾಕಿ ಸಲಾಡ್ ಮಾಡ್ತಾರೆ, ನಾನು ದಿನಾ ತಿಂದೆ.

ಕತಾನಿಯಾದಲ್ಲಿ ಫೆಬ್ರವರಿ 3ರಿಂದ 5ರವರೆಗೆ ಸಂತ ಆಗಾತಾ ಹಬ್ಬ. ಉಡುಪಿ ರಥಬೀದಿಯಲ್ಲಿ ಸಪ್ತೋತ್ಸವ ನೋಡಿದವರಿಗೆ ಆ ನೂಕುನುಗ್ಗಲು ಹೊಸತಲ್ಲ. ಬಿಳಿ ನಿಲುವಂಗಿ ಹಾಕಿದ ಸಾವಿರಾರು ಜನ ಉದ್ದದ ಹಗ್ಗ ಹಿಡಿದು ಆ ಸಂತಳ ಮೂರ್ತಿ ಇರುವ ಬೆಳ್ಳಿಯ ವಾಹನ ಎಳೀತಾರೆ, ಬಿಳಿ ಕರವಸ್ತ್ರ ಬೀಸಿ ವಿವಾ ಸಂತ್ ಆಗಾತಾ ಅಂತ ಕೂಗ್ತಾರೆ, ಮೀನಿನವರದ್ದು, ಕಸಾಯಿಗಳದ್ದು, ಬೇಕರಿಯವರದ್ದು ಅಂತ ಒಂದೊಂದು ಕಸುಬಿನವರ ದೊಡ್ಡ ಮೇಣದಬತ್ತಿ ಗೋಪುರಗಳನ್ನು ಹೆಗಲಲ್ಲಿ ಹೊತ್ತು ಕುಣಿಸ್ತಾರೆ. ಮೇಣ ಸುರಿದು ರಸ್ತೆ ಜಾರ್ತದೆ, ಮರದ ಹುಡಿ ಹಾಕ್ತಾರೆ, ಆದ್ರೂ ಹಿಡಿತ ಇರುವ ಶೂ ಹಾಕ್ಕೊಳ್ಳಿ. ಬೆಂದೂರಿನ ಬಾಯಮ್ಮ ರಾತ್ರಿ ಎರಡು ಗಂಟೆವರೆಗೆ ಬೀದಿಯಲ್ಲೇ ಇದ್ದರು, ನಾನೂ ಅವರ ಒಟ್ಟಿಗೆ.

ಸಿರಾಕ್ಯೂಸಾದ ಕೆಥೆಡ್ರಲ್ ಬಿಡ್ಬೇಡಿ, ಕ್ರಿ.ಪೂ. 5ನೇ ಶತಮಾನದ ಅಥೀನಾ ದೇವಸ್ಥಾನದ ಕಂಬಗಳು ಚರ್ಚಿನ ಗೋಡೆಯೊಳಗೆ ಹಾಗೇ ಉಂಟು, ನಡುವೆ ಮಸೀದಿಯೂ ಆಗಿತ್ತು, ಕೈಯಲ್ಲಿ ಮುಟ್ಟಿ ನೋಡ್ಬಹುದು. ನೋತೋ, ಮೋದಿಕಾ ಎರಡೂ 1693ರ ಭೂಕಂಪದ ಮೇಲೆ ಹೊಸತಾಗಿ ಕಟ್ಟಿದ ಊರುಗಳು, ಚಂದ ಉಂಟು, ಒಂದೇ ದಿನ ಓಡಿಸಿದ್ರು. ಮೋದಿಕಾದ ಸಕ್ಕರೆ ಹರಳು ಕರಗದ ಚಾಕಲೇಟ್ ತನ್ನಿ.

ಇನ್ನು ತಕರಾರು. ಎಟ್ನಾ ಕೇಬಲ್ ಕಾರ್ ಗಾಳಿಗೆ ಬಂದ್ ಆಗಿತ್ತು. ಚಳಿಗಾಲದಲ್ಲಿ ಅದು ಆಗುವಂಥದ್ದೇ, ಅದಕ್ಕೆ ಯಾರನ್ನೂ ದೂರುವುದಿಲ್ಲ, ಸುಮಾರು 1,900 ಮೀಟರ್ ಎತ್ತರದ ಸಾಪಿಯೆಂಜಾದಲ್ಲಿ ಕಪ್ಪು ಬೂದಿ ಮೇಲೆ ಹಿಮ ಬಿದ್ದದ್ದು ನೋಡಿಯೇ ಮನಸ್ಸು ತುಂಬಿತು. ಆದ್ರೆ ಟಿಕೆಟಿನ ದುಡ್ಡು ವಾಪಸ್ ಕೇಳಿದ್ರೆ ಪ್ಯಾಕೇಜಲ್ಲಿ ಸೇರಿದ್ದು, ಬರುವುದಿಲ್ಲ ಅಂದ್ರು. ಇದು ಸರಿಯಲ್ಲ, ಹೋಗದ ಜಾಗದ ದುಡ್ಡು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಎರಡನೆಯದ್ದು, ಎರಡು ರಾತ್ರಿ ಇಂಡಿಯನ್ ಹೋಟೆಲಿಗೆ ಕರ್ಕೊಂಡು ಹೋದದ್ದು. ಅಷ್ಟು ದೂರ ಹೋಗಿ ಆರಿದ ಪನೀರ್ ಬಟರ್ ಮಸಾಲ ಯಾಕೆ? ಬೇಕಾದವರಿಗೆ ಮಾತ್ರ ಇಡ್ಬಹುದಿತ್ತು. ಮೂರನೆಯದ್ದು ವಿಲ್ಲಾ ರೊಮಾನಾ ದೆಲ್ ಕಸಾಲೆಗೆ ಒಂದೇ ಗಂಟೆ ಕೊಟ್ಟದ್ದು. 4ನೇ ಶತಮಾನದ ರೋಮನ್ ಶ್ರೀಮಂತನ ಮನೆ, ನೆಲ ಪೂರಾ ಮೊಸಾಯಿಕ್, ಸುಮಾರು 60 ಮೀಟರ್ ಉದ್ದದ ಕಾರಿಡಾರಲ್ಲಿ ಪ್ರಾಣಿ ಹಿಡಿದು ಹಡಗಿಗೆ ಹತ್ತಿಸುವ ಚಿತ್ರ, ಅದರ ತುದಿಯಲ್ಲಿ ಆನೆ ಮತ್ತೆ ಹುಲಿಯ ನಡುವೆ ಕೂತ ಹೆಂಗಸನ್ನು ಭಾರತ ಅಂತ ಹೇಳುವ ವಿದ್ವಾಂಸರೂ ಇದ್ದಾರೆ. ಅದರ ಎದುರು ನಿಂತು ನೋಡುವಷ್ಟರಲ್ಲಿ ಬಸ್ಸಿಗೆ ಕರೆದಾಯ್ತು.

ವೀಸಾ ಶೆಂಗೆನ್ (ಯುರೋಪಿನ ತುಂಬ ದೇಶಗಳಿಗೆ ಸೇರಿ ಒಂದೇ ವೀಸಾ), ದೊಡ್ಡವರಿಗೆ 90 ಯೂರೋ, ಕನಿಷ್ಠ 30,000 ಯೂರೋದ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು, ನಾವು ಬಯೋಮೆಟ್ರಿಕ್‌ಗೆ ಬೆಂಗಳೂರಿಗೆ ಹೋಗಿ ಬಂದದ್ದು. ಪೇಪರ್ ಕೆಲಸ ಟ್ರಾವೆಲ್ಸ್‌ನವರು ಚೊಕ್ಕ ಮಾಡಿಕೊಟ್ಟಿದ್ದಾರೆ.

ಮುಂದಿನ ಚಳಿಗಾಲದ ಟ್ರಿಪ್ಪಿಗೆ ಮಜಾರಾ ಅರ್ಧ ದಿನ ಹಾಕ್ತೇವೆ ಅಂತ ಅವರು ನನಗೆ ಹೇಳಿದ್ದಾರೆ. ಯಾರ ಒಟ್ಟಿಗೆ ಹೋಗುವುದಾದ್ರೂ ಮುಂಗಡ ಕೊಡುವ ಮೊದಲು ಅದು ಪಟ್ಟಿಯಲ್ಲಿ ಬರಹದಲ್ಲಿ ಉಂಟಾ ನೋಡಿ, ಕೇಬಲ್ ಕಾರ್ ದುಡ್ಡಿನ ಮಾತೂ ಬರೆಸಿಕೊಳ್ಳಿ, ಮತ್ತೆ ಫೆಬ್ರವರಿ 4 ಮತ್ತು 5ಕ್ಕೆ ಕತಾನಿಯಾದಲ್ಲೇ ಉಳಿಯುವ ಹಾಗೆ ತಾರೀಕು ಹಿಡೀರಿ, ಆ ದಿನಗಳಿಗೆ ಅಲ್ಲಿ ರೂಮ್ ಬೇಗ ತುಂಬ್ತದೆ.